ನೆಟ್ಟಗೆ ನಿಂತ ಚೊಂಬು

ಸಿನಿಮಾದವರು ನಮ್ಮ ಮನೆಯೊಳಗೆ ಕಾಲಿಟ್ಟು ಆಡಿದ ಮೊದಲ ಮಾತಿಗೇ ನಮ್ಮತ್ತೆಗೆ ಸಿಟ್ಟು ಬಂತು.

ಬಂದವರು ಮೂರು ಜನ. ಡೈರೆಕ್ಟರು, ಪ್ರೊಡಕ್ಷನ್ ಮ್ಯಾನೇಜರು, ಜೊತೆಗೊಬ್ಬ ವಯಸ್ಸಾದ ಮನುಷ್ಯ. ಡೈರೆಕ್ಟರಿಗೆ ಇನ್ನೂ ಮೂವತ್ತೂ ಆಗಿರಲಿಲ್ಲವೇನೋ. ಪಡಸಾಲೆಯಲ್ಲಿ ನಿಂತು ಮೇಲೆ ಕೆಳಗೆ ನೋಡಿದರು, ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲನ್ನು ಬಗ್ಗಿ ನೋಡಿದರು. ಆಮೇಲೆ ಎರಡೂ ಕೈ ಅಗಲಿಸಿ, "ಭಯಂಕರವಾಗಿದೆ ಅಮ್ಮಾ ನಿಮ್ಮನೆ!" ಅಂದರು.

ಅತ್ತೆ ಸೆರಗು ಸರಿಮಾಡಿಕೊಂಡರು. "ಏನಪ್ಪಾ ಹಂಗಂತೀಯ? ಸುಣ್ಣ ಹೊಡ್ಸಿ ಮೂರು ತಿಂಗ್ಳೂ ಆಗಿಲ್ಲ. ದಿನಾ ಎರಡು ಹೊತ್ತು ಗುಡ್ಸಿ ಒರೆಸ್ತೀವಿ. ಭಯಂಕರ ಅಂತೆ!"

ಅದು ಹೊಗಳಿಕೆ ಎಂದು ತಿಳಿಸಿ ಹೇಳುವುದರೊಳಗೆ ಕಾಫಿ ಆರಿಹೋಯಿತು.

ಇದು ಎಂಬತ್ತರ ದಶಕದ ಮೊದಮೊದಲಿನ ಮಾತು. ನಾನು ಗುಬ್ಬಿಯ ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಮ್ಮವರಿಗೆ ತುಮಕೂರಿನಲ್ಲಿ ಆಫೀಸು, ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದರು. ಅತ್ತೆ, ನಾವಿಬ್ಬರು, ಮೂರೇ ಜನಕ್ಕೆ ಅಷ್ಟು ದೊಡ್ಡ ಮನೆ. ಮುಂಬಾಗಿಲಲ್ಲಿ ನಿಂತರೆ ಪಡಸಾಲೆ, ಅದರಾಚೆ ನಡುಮನೆ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲ ಬಾಗಿಲು. ಎಲ್ಲ ಬಾಗಿಲೂ ಒಂದೇ ಸಾಲಿನಲ್ಲಿ ಕಾಣುತ್ತಿದ್ದವು. ನಮ್ಮವರ ಆಫೀಸಿನ ಗೆಳೆಯರೊಬ್ಬರ ಭಾವಮೈದ ಈ ಪ್ರೊಡಕ್ಷನ್ ಮ್ಯಾನೇಜರು. ಕೊಲೆ, ಪತ್ತೇದಾರಿಯ ಚಿತ್ರಕ್ಕೆ ಒಂದು ಹಳೇ ಮನೆ ಬೇಕು, ಹತ್ತು ದಿನದ ಶೂಟಿಂಗು ಎಂದು ಕೇಳಿದ್ದರು. ಸ್ಕೂಲಿಗೆ ಬೇಸಿಗೆ ರಜ. ನನಗಂತೂ ನೋಡುವ ಆಸೆ. ಅತ್ತೆ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಆದರೆ ಆ ವಯಸ್ಸಾದವರು ಒಂದು ಮಾತು ಹೇಳಿ ಅತ್ತೆಯ ಮನಸ್ಸು ತಿರುಗಿಸಿಬಿಟ್ಟರು.

ಅವರನ್ನು ಎಲ್ಲರೂ ಸೆಟ್ ಮೇಷ್ಟ್ರು ಎನ್ನುತ್ತಿದ್ದರು. ಚಿತ್ರದ ಮನೆ, ಕೋಣೆ, ಸಾಮಾನು ಎಲ್ಲಿ ಹೇಗಿರಬೇಕು ಎನ್ನುವುದೆಲ್ಲ ಅವರ ಕೆಲಸ. ಪ್ರಾಯದಲ್ಲಿ ನಾಟಕದ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರಂತೆ. "ನಿಮ್ಮೂರಲ್ಲೇ ಮೂರು ವರ್ಷ ಇದ್ದೆ ತಾಯಿ. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ, ಎಲ್ಲಾ ನನ್ನ ಕೈಯಿಂದು," ಅಂದರು.

ಅತ್ತೆ ಗುಬ್ಬಿಯಲ್ಲೇ ಹುಟ್ಟಿ, ಗುಬ್ಬಿಗೇ ಸೊಸೆಯಾದವರು. ಚಿಕ್ಕಂದಿನಿಂದ ನಾಟಕ ನೋಡುತ್ತಾ ಬೆಳೆದವರು. "ಕಾಡಿನ ಪರದೆನಾ? ಅದ್ರಾಗೆ ಒಂದು ಹುಲಿ ಮರದ ಹಿಂದೆ ಅರ್ಧ ಕಾಣ್ತಿತ್ತಲ್ಲ, ಬಾಲ ಮಾತ್ರ?"

"ಅದೇ. ಬಾಲ ಬರೆದಿದ್ದು ನಾನೇ."

"ಅಯ್ಯೋ ಅಣ್ಣಾ, ಆ ಬಾಲ ನೋಡಿ ನಾನು ನಮ್ಮಮ್ಮನ ತೊಡೆ ಮೇಲಿಂದ ಇಳೀತಿರ್ಲಿಲ್ಲ!" ಎಂದು ಅತ್ತೆ ನಕ್ಕುಬಿಟ್ಟರು. ಮನೆ ಕೊಡುವುದು ಅಲ್ಲಿಗೆ ನಿಶ್ಚಯವಾಯಿತು.

ಏಪ್ರಿಲ್ ಬಿಸಿಲಲ್ಲಿ ಅವರ ವ್ಯಾನು, ಜನರೇಟರು, ಲೈಟು, ಉದ್ದುದ್ದ ವೈರು ಎಲ್ಲಾ ನಮ್ಮ ಬೀದಿಗೆ ಬಂದವು. ಮೊದಲ ಮೂರು ದಿನ ಸಣ್ಣಪುಟ್ಟ ದೃಶ್ಯಗಳು. ಪೊಲೀಸರು ಜೀಪಿನಿಂದ ಇಳಿಯುವುದು, ವಕೀಲರು ಪಡಸಾಲೆಯಲ್ಲಿ ಕೂತು ಉಯಿಲು ಓದುವುದು. ಬೀದಿಯವರೆಲ್ಲ ನಮ್ಮ ಜಗಲಿಯ ಮೇಲೇ. ಮೂರೇ ದಿನದಲ್ಲಿ ಅವರಿಗೂ ಬೇಜಾರಾಯಿತು. ಜೀಪಿನಿಂದ ಇಳಿಯುವುದನ್ನೇ ಏಳು ಸಲ ತೆಗೆದರೆ ಯಾರು ತಾನೇ ನೋಡುತ್ತಾರೆ?

ಅತ್ತೆಯ ತಕರಾರು ಮಾತ್ರ ದಿನದಿಂದ ದಿನಕ್ಕೆ ಏರುತ್ತಾ ಹೋಯಿತು. ಸಿನಿಮಾದವರು ಓರೆ ಮಾಡಿಟ್ಟ ಕುರ್ಚಿಯನ್ನು ಅವರು ನೇರ ಮಾಡಿಬಿಡುತ್ತಿದ್ದರು. ಅರ್ಧ ತೆರೆದಿಟ್ಟ ಬಾಗಿಲನ್ನು ಮುಚ್ಚಿಬಿಡುತ್ತಿದ್ದರು. ಒಂದು ಶಾಟಿನಲ್ಲಿ ಓರೆಯಾಗಿದ್ದ ಕುರ್ಚಿ ಮುಂದಿನ ಶಾಟಿನಲ್ಲಿ ನೇರವಾದರೆ ಆಗುವುದಿಲ್ಲ ಎಂದು ಡೈರೆಕ್ಟರು ಕೈ ಮುಗಿದು ಹೇಳಿದರು. ಅತ್ತೆ, "ಬುಡಪ್ಪಾ, ಬೇಕೂಂತ ಮಾಡ್ತೀನಾ? ಕೈ ಸುಮ್ನಿರಲ್ಲ," ಅಂದರು. ಅದು ನಿಜವೂ ಆಗಿತ್ತು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ.

ನಾಲ್ಕನೇ ದಿನಕ್ಕೆ ಚಿತ್ರದ ಮುಖ್ಯ ದೃಶ್ಯ. ನಾಯಕಿ ಮನೆಯಲ್ಲಿ ಒಬ್ಬಳೇ ಇದ್ದಾಳೆ, ಕೊಲೆಗಾರ ಮೊದಲೇ ಒಳಗೆ ಬಂದು ಅಡಗಿದ್ದಾನೆ. ಇಷ್ಟೇ ಕಥೆ. ಇದಕ್ಕಾಗಿ ಮೂರನೇ ದಿನ ಮಧ್ಯಾಹ್ನದಿಂದಲೇ ಮನೆಯ ರೂಪ ಬದಲಾಯಿಸತೊಡಗಿದರು. ಹಗಲಲ್ಲೇ ರಾತ್ರಿಯಂತೆ ಕಾಣಲೆಂದು ಕಿಟಕಿಗಳಿಗೆಲ್ಲ ಕರೀ ಕಂಬಳಿ ಹೊಡೆದರು. ಗೋಡೆಗೆ ಕೊಂಬಿನ ಜಿಂಕೆ ತಲೆಯೊಂದು ಬಂತು. ಸಣ್ಣ ಫ್ಯಾನಿದ್ದ ಒಂದು ಯಂತ್ರದಿಂದ ರಬ್ಬರಿನ ಅಂಟನ್ನು ಎಳೆ ಎಳೆಯಾಗಿ ತೂರಿ, ತೊಲೆಗೂ ಮೆಟ್ಟಿಲಿಗೂ ಜೇಡರ ಬಲೆ ಕಟ್ಟಿದರು. ಎಷ್ಟು ಚೆನ್ನಾಗಿತ್ತೆಂದರೆ, ಒಂದು ನಿಜವಾದ ಜೇಡ ಬಂದು ಅದರ ಮೇಲೆ ಓಡಾಡುತ್ತಿತ್ತು.

ಸೆಟ್ ಮೇಷ್ಟ್ರಿಗೆ ಇದು ಅಷ್ಟೇನೂ ಹಿಡಿಸಿರಲಿಲ್ಲ. ಬೀಡಿ ಸೇದಲು ಹಿತ್ತಲಿಗೆ ಬಂದಾಗ, "ಡೈರೆಕ್ಟರಿಗೆ ಇಂಥದ್ದು ಇಷ್ಟ. ಹೇಳಿದ್ದು ಮಾಡ್ಬೇಕಲ್ಲ ಟೀಚರಮ್ಮ," ಅಂದರು.

ಅತ್ತೆ ಅಂದು ಸಂಜೆ ಒಂದು ಮಾತೂ ಆಡಲಿಲ್ಲ. ನಾನು ಆಗಲೇ ಅನುಮಾನ ಪಡಬೇಕಿತ್ತು.

ಮರುದಿನ ನಾನು ಎದ್ದು ಬರುವಷ್ಟರಲ್ಲಿ ಬೆಳಕು ಹರಿದಿತ್ತು. ನಡುಮನೆ ಫಳಫಳ ಹೊಳೆಯುತ್ತಿತ್ತು. ಒಂದು ಎಳೆ ಬಲೆ ಇಲ್ಲ. ಉದ್ದ ಕೋಲಿಗೆ ಕಟ್ಟಿದ ಪೊರಕೆ ಮೂಲೆಯಲ್ಲಿತ್ತು. ಕಂಬಳಿಗಳೆಲ್ಲ ಹಿತ್ತಲ ತಂತಿಯ ಮೇಲೆ ಬಿಸಿಲಿಗೆ ಒಣಗುತ್ತಿದ್ದವು. ಜಿಂಕೆಯ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಜಗಲಿಯ ಮೇಲೆ ಇಟ್ಟಿದ್ದರು.

"ಅತ್ತೆ! ಏನಿದು ಮಾಡಿದ್ದು?"

"ಇನ್ನೇನ್ ಮಾಡ್ಲೇ? ನಾಳೆ ತುಮಕೂರ್ನಾಗೆ ಈ ಸಿನಿಮಾ ಬತ್ತದೆ. ನಿಮ್ಮಮ್ಮ ನೋಡ್ತಾರೆ, ನನ್ನ ತಂಗೀರು ನೋಡ್ತಾರೆ. ಇದು ಯಾರ ಮನೆ ಅಂದ್ರೆ ಏನಂತ ಹೇಳೋದು? ಅತ್ತೆ ಸೊಸೆ ಇಬ್ರಿದ್ರೂ ಮನೇಲಿ ಜೇಡ ಕಟ್ಟಿತ್ತು ಅಂತ ಅನ್ನಿಸ್ಕೊಳ್ಳೋದಾ?"

ವ್ಯಾನು ಬಂತು. ಡೈರೆಕ್ಟರು ಒಳಗೆ ಬಂದವರು ನಡುಮನೆಯಲ್ಲಿ ನಿಂತುಬಿಟ್ಟರು. ಅವರ ಮುಖ ನೋಡಿ ನನಗೆ ಅಳು ಬರುವಂತಾಯಿತು. ರಬ್ಬರಿನ ಅಂಟೆಲ್ಲ ಮುಗಿದಿತ್ತು. ಮತ್ತೆ ತರಿಸಬೇಕಾದರೆ ಬೆಂಗಳೂರಿಗೆ ಹೋಗಬೇಕು. ನಾಯಕಿಗೆ ಅದೊಂದೇ ದಿನ ಬಿಡುವು, ಮಾರನೇ ದಿನ ಬೇರೆ ಚಿತ್ರಕ್ಕೆ ಹೋಗಬೇಕಿತ್ತು. ಡೈರೆಕ್ಟರು ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡರು. ಅತ್ತೆಗೂ ಆಗ ತಾವು ಮಾಡಿದ್ದು ಏನೆಂದು ಅರ್ಥವಾಗಿರಬೇಕು. ಒಂದು ಲೋಟ ಮಜ್ಜಿಗೆ ತಂದು ಅವರ ಪಕ್ಕದಲ್ಲಿಟ್ಟು, "ತಪ್ಪಾಯ್ತು ಕಣಪ್ಪಾ. ಬೇಕಿದ್ರೆ ಬಯ್ದುಬುಡು," ಅಂದರು.

ಬಯ್ಯಲಿಲ್ಲ. ಸೆಟ್ ಮೇಷ್ಟ್ರು ಆ ಹೊತ್ತಿಗೆ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದರು.

"ಸಾರ್, ಹೀಗೇ ತೆಗೆಯೋಣ," ಅಂದರು. "ಹಗಲಲ್ಲೇ. ಮನೆ ಹಿಂಗೇ ಇರ್ಲಿ."

"ಏನ್ ಮೇಷ್ಟ್ರೇ ನೀವು! ಇಂಥ ಮನೇಲಿ ಯಾರಿಗೆ ಹೆದರಿಕೆ ಆಗುತ್ತೆ? ಹಬ್ಬದ ಮನೆ ಇದ್ದಂಗಿದೆ."

"ಜೇಡರ ಬಲೆ ಕಂಡ ತಕ್ಷಣ ನೋಡೋನಿಗೆ ಗೊತ್ತಾಗುತ್ತೆ ಸಾರ್, ಇಲ್ಲಿ ಏನೋ ಆಗುತ್ತೆ ಅಂತ. ಅವ್ನು ರೆಡಿಯಾಗಿ ಕೂತ್ಬಿಡ್ತಾನೆ. ಇಂಥ ಮನೇಲಿ ಏನೂ ಆಗಲ್ಲ ಅಂತ ಅವ್ನು ಕಾಲು ಚಾಚಿ ಕೂತಿರ್ತಾನಲ್ಲ, ಆಗ ಒಂದೇ ಒಂದು ಸಾಮಾನು ಜಾಗ ತಪ್ಪಿರ್ಬೇಕು. ಒಂದೇ." ಹಾಗೆಂದು ಅತ್ತೆಯ ಕಡೆ ತಿರುಗಿ ಕೇಳಿದರು: "ತಾಯೀ, ನೀವು ಹೇಳಿ. ಈ ಮನೇಲಿ ನಿಮಗೆ ಯಾವತ್ತಾದ್ರೂ ಹೆದರಿಕೆ ಆಗಿದ್ದುಂಟಾ?"

ಅತ್ತೆ ಯೋಚಿಸಲೇ ಇಲ್ಲ. "ಒಂದೇ ಸಲ," ಅಂದರು.

ಅವರು ಮದುವೆಯಾಗಿ ಬಂದ ಹೊಸತು. ಮಾವ ಎತ್ತು ನೋಡಿಕೊಂಡು ಬರುತ್ತೇನೆಂದು ಕುಣಿಗಲ್ ಕಡೆಗೆ ಹೊರಟಿದ್ದರು. ಮನೆಯ ಉಳಿದವರೆಲ್ಲ ನಿಟ್ಟೂರಿನಲ್ಲಿ ಯಾರದೋ ನಾಮಕರಣಕ್ಕೆ ಹೋಗಿದ್ದರು. ಅತ್ತೆ ಬಾಗಿಲು ಮುಂದೆ ಮಾಡಿಕೊಂಡು ಕೆರೆಗೆ ಬಟ್ಟೆ ಒಗೆಯಲು ಹೋಗಿ, ಉರಿಬಿಸಿಲಲ್ಲಿ ವಾಪಸು ಬಂದರು. ಬಾಯಾರಿತ್ತು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕುಡಿಯುವ ನೀರಿನ ಹಿತ್ತಾಳೆ ಬಿಂದಿಗೆ. ಅದರ ತಟ್ಟೆಯ ಮೇಲೆ ಚೊಂಬು ಯಾವಾಗಲೂ ಬೋರಲು ಹಾಕಿರುತ್ತದೆ. ಈಗಲೂ ಅಲ್ಲೇ ಇದೆ, ಹಾಗೇ ಇದೆ ಎಂದು ಅತ್ತೆ ಕೈ ತೋರಿಸಿದರು.

"ನೋಡ್ದೆ ಕೈ ಹಾಕ್ದೆ. ಚೊಂಬಿಲ್ಲ. ಬಗ್ಗಿ ನೋಡಿದ್ರೆ ಕೆಳಗೆ ನೆಲದ ಮೇಲೆ ಐತೆ. ನೆಟ್ಟಗೆ ಕೂತೈತೆ. ಒಳಗೆ ಒಂದು ಗುಟುಕು ನೀರು. ಯಾರೋ ಕುಡ್ದು ಇಟ್ಟವ್ರೆ! ನನ್ನ ಎದೆ ಅಲ್ಲೇ ನಿಂತೋಯ್ತು."

"ಆಮೇಲೆ?" ಡೈರೆಕ್ಟರು ಮಜ್ಜಿಗೆ ಲೋಟ ಕೆಳಗಿಟ್ಟರು.

"ಆಮೇಲೇನು, ಭತ್ತದ ಕೋಣೆ ಒಳಗೆ ಉಸಿರಾಡೋ ಸದ್ದು. ಮೆತ್ತಗೆ ಹೋಗಿ ಹೊರಗಿಂದ ಚಿಲಕ ಹಾಕ್ದೆ. ಬೀದೀಗೆ ಓಡಿ ಕಳ್ಳ ಕಳ್ಳ ಅಂತ ಕೂಗಿ ಇಪ್ಪತ್ತು ಜನ ಸೇರಿಸ್ದೆ. ಎಲ್ರೂ ದೊಣ್ಣೆ ತಂದ್ರು. ಬಾಗ್ಲು ತೆಗೆದ್ರೆ ನಮ್ಮ ಯಜಮಾನ್ರು ಕಣ್ಣು ಉಜ್ಕೊಂಡು ಈಚೆಗೆ ಬಂದ್ರು! ಬಸ್ಸು ಸಿಗ್ಲಿಲ್ವಂತೆ. ತಣ್ಣಗಿರ್ತದೆ ಅಂತ ಭತ್ತದ ಕೋಣೇಲಿ ಮಲಗಿದ್ರಂತೆ. ಒಂದು ತಿಂಗ್ಳು ನನ್ನ ಜೊತೆ ಮಾತಾಡ್ಲಿಲ್ಲ."

ಇಡೀ ಯೂನಿಟ್ಟು ನಕ್ಕಿತು. ಲೈಟಿನವನೊಬ್ಬ ನಗುತ್ತಾ ಸ್ಟ್ಯಾಂಡು ಬಿಟ್ಟುಬಿಟ್ಟ, ಪಕ್ಕದವನು ಹಿಡಿದುಕೊಂಡ. ಡೈರೆಕ್ಟರು ಮಾತ್ರ ನಗದೆ ಬಿಂದಿಗೆಯನ್ನೇ ನೋಡುತ್ತಿದ್ದರು.

"ಸರಿ. ಚೊಂಬು ಕೆಳಗಿದೆ. ಯಾರೋ ಬಂದಿದ್ರು ಅಂತ ಗೊತ್ತಾಯ್ತು. ಆದರೆ ಅವ್ನು ಇನ್ನೂ ಒಳಗೇ ಇದ್ದಾನೆ ಅಂತ ಜನಕ್ಕೆ ಹೇಗೆ ಗೊತ್ತಾಗೋದು? ನೆರಳು ತೋರಿಸಲೇಬೇಕು. ಜೊತೆಗೆ ಮ್ಯೂಸಿಕ್."

ಅಲ್ಲಿಯ ತನಕ ನಾನು ಬಾಗಿಲ ಮರೆಯಲ್ಲಿದ್ದೆ. ಅಷ್ಟು ಜನ ಗಂಡಸರ ನಡುವೆ ಬಾಯಿ ಬಿಟ್ಟವಳಲ್ಲ. ಆದರೆ ಆವತ್ತು ಕೇಳಿದ್ದು ಎಂಟನೇ ಕ್ಲಾಸಿನ ಪಾಠದ ಪ್ರಶ್ನೆ. ತಡೆಯಲಾಗಲಿಲ್ಲ.

"ನೀರು ಒಣಗೋದಕ್ಕೆ ಎಷ್ಟು ಹೊತ್ತು ಬೇಕು ಸಾರ್?" ಅಂದೆ.

ಎಲ್ಲರೂ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಹೇಗೋ ಹೇಳಿ ಮುಗಿಸಿದೆ. ಒದ್ದೆ ಚೊಂಬನ್ನು ನೆಲದ ಮೇಲಿಟ್ಟು ಸ್ವಲ್ಪ ಸರಿಸಿದರೆ ಗುಂಡಗೆ ಒಂದು ಗುರುತು ಬೀಳುತ್ತದೆ. ಈ ಬಿಸಿಲಿಗೆ ಅದು ನಾಲ್ಕೈದು ನಿಮಿಷದಲ್ಲಿ ಆರಿಹೋಗುತ್ತದೆ. ಆರದೆ ಇದ್ದರೆ ಕುಡಿದವನು ಈಗ ತಾನೇ ಕುಡಿದಿದ್ದಾನೆ. ಅಷ್ಟರಲ್ಲಿ ಮುಂಬಾಗಿಲಿಂದ ಯಾರೂ ಹೊರಗೆ ಹೋಗಿಲ್ಲ, ಯಾಕೆಂದರೆ ನಾಯಕಿ ಅಲ್ಲಿಂದಲೇ ಬಂದಳು. ಹಿತ್ತಲಿಗಂತೂ ಸುತ್ತಲೂ ಎತ್ತರದ ಗೋಡೆ, ಹೊರಗೆ ಹೋಗುವ ದಾರಿಯಿಲ್ಲ.

ಸೆಟ್ ಮೇಷ್ಟ್ರು ಬಗ್ಗಿ ಬಿಂದಿಗೆಯ ಪಕ್ಕದ ನೆಲವನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಟೀಚರಮ್ಮ, ನೀವು ಸ್ಕೂಲಲ್ಲಿ ಇರ್ಬೇಕಾದವ್ರಲ್ಲ," ಅಂದರು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಆಮೇಲೆ ಯಾವ ಇನ್‌ಸ್ಪೆಕ್ಷನ್ನಿನಲ್ಲೂ ಸಿಗಲಿಲ್ಲ.

ಕೆಲಸ ಶುರುವಾಯಿತು. ಅವರು ಸೆಟ್ ಹಾಕುವುದೆಂದರೆ ಸಾಮಾನು ತಂದು ತುಂಬುವುದು ಎಂದುಕೊಂಡಿದ್ದೆ. ಮೇಷ್ಟ್ರು ಆವತ್ತು ಮಾಡಿದ್ದೆಲ್ಲ ತೆಗೆಯುವ ಕೆಲಸ. ಗೋಡೆಯ ಕ್ಯಾಲೆಂಡರು ತೆಗೆಸಿದರು, ಕಣ್ಣು ಅಲ್ಲಿಗೆ ಹೋಗುತ್ತದೆ ಎಂದು. ಗಡಿಯಾರ ತೆಗೆಸಿದರು. ಬಿಂದಿಗೆಯ ಸುತ್ತ ಏನೂ ಇರಬಾರದು ಎಂದರು. ಕೆಂಪು ಗಾರೆ ನೆಲಕ್ಕೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಸಿದರು. ಹಿತ್ತಲಲ್ಲಿ ಬಿಳೀ ಪಂಚೆಗಳನ್ನು ಹರಡಿಸಿದರು. ಬಿಸಿಲು ಅದರ ಮೇಲೆ ಬಿದ್ದು ಹಿತ್ತಲ ಬಾಗಿಲಿಂದ ಒಳಗೆ ಚಿಮ್ಮಿ, ನೆಲ ಕೆರೆಯ ನೀರಿನಂತೆ ಮಿನುಗಿತು. ಅಟ್ಟದ ಮೆಟ್ಟಿಲ ಮುಂದೆ ಅತ್ತೆಯ ಒಗೆದ ಸೀರೆಯೊಂದನ್ನು ಒಣಹಾಕಿದಂತೆ ಇಳಿಬಿಟ್ಟರು.

"ಅದ್ಯಾಕೆ?" ಎಂದು ಕೇಳಿದೆ.

"ನೋಡೋನಿಗೆ ಮೆಟ್ಟಿಲು ಕಾಣ್ಬೇಕು, ಮೆಟ್ಟಿಲು ಎಲ್ಲಿಗೆ ಮುಟ್ಟುತ್ತೆ ಅಂತ ಕಾಣ್ಬಾರ್ದು. ಮಿಕ್ಕಿದ್ದನ್ನ ಅವ್ನೇ ಕಟ್ಕೋತಾನೆ. ನಾವು ಕಟ್ಟೋದಕ್ಕಿಂತ ಚೆನ್ನಾಗಿ ಕಟ್ಕೋತಾನೆ."

ಕ್ಯಾಮೆರಾವನ್ನು ಡೈರೆಕ್ಟರು ಬಿಂದಿಗೆಯ ಹತ್ತಿರ ಇಡಿಸಲು ಹೊರಟರು. ಮೇಷ್ಟ್ರು ಬೇಡವೆಂದರು. ಪಡಸಾಲೆಯಲ್ಲಿ, ನೆಲದಿಂದ ಒಂದು ಮೊಳ ಎತ್ತರದಲ್ಲಿ ಇಡೋಣ, ಎರಡು ಬಾಗಿಲ ಚೌಕಟ್ಟಿನೊಳಗಿಂದ ನೋಡೋಣ ಅಂದರು. ಚೊಂಬು ಪ್ರೇಕ್ಷಕನಿಗೆ ಮೊದಲೇ ಕಾಣಬೇಕು, ಅವಳಿಗೆ ಕಾಣಬಾರದು. ಅವಳು ಅದರ ಪಕ್ಕದಲ್ಲೇ ಎರಡು ಸಲ ಹಾದುಹೋಗಬೇಕು. ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ಕೊನೆಗೆ ಡೈರೆಕ್ಟರು ನೆಲದ ಮೇಲೆ ಮಕಾಡೆ ಮಲಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಶರ್ಟಿನ ತುಂಬಾ ಕೊಬ್ಬರಿ ಎಣ್ಣೆ. "ಸರಿ ಮೇಷ್ಟ್ರೇ," ಅಂದರು.

ನಾಯಕಿ ಬೆಂಗಳೂರಿನ ಹುಡುಗಿ, ಬಹಳ ಒಳ್ಳೆಯವಳು. ಆದರೆ ಅವಳಿಗೆ ಬಿಂದಿಗೆಯ ಮೇಲಿನ ಚೊಂಬನ್ನು ನೋಡದೆ ಎತ್ತಿಕೊಳ್ಳುವ ಅಭ್ಯಾಸ ಇರಲಿಲ್ಲ. ಮೊದಲು ಕಣ್ಣು ಹೋಗುತ್ತಿತ್ತು, ಆಮೇಲೆ ಕೈ. ಅತ್ತೆಗೆ ಅದು ಸರಿಬರಲಿಲ್ಲ.

"ಹಂಗಲ್ಲ ಕಣೇ ಮಗಳೇ. ನಿನ್ನ ಮನೆ ಇದು. ಬಂದೆ, ಚೀಲ ಇಟ್ಟೆ, ಕೈ ತಂತಾನೆ ಹೋಗ್ಬೇಕು. ನೋಡು," ಎಂದು ತಾವೇ ಮಾಡಿ ತೋರಿಸಿದರು. ಹಿತ್ತಲ ಕಡೆ ನೋಡುತ್ತಲೇ ಕೈ ಹಿಂದಕ್ಕೆ ಚಾಚಿ ಚೊಂಬು ತಿರುಗಿಸಿ, ತಟ್ಟೆ ಸರಿಸಿ, ನೀರು ಮೊಗೆದು, ತುಟಿಗೆ ತಾಗದಂತೆ ಎತ್ತಿ ಕುಡಿದರು. ಆ ಹುಡುಗಿ ಬೆಳಿಗ್ಗೆಯೆಲ್ಲ ಅದನ್ನೇ ಅಭ್ಯಾಸ ಮಾಡಿತು. "ಆಂಟಿ, ಇನ್ನು ಒಂದು ತೊಟ್ಟೂ ಹಿಡಿಯಲ್ಲ," ಎಂದು ಹೊಟ್ಟೆ ಹಿಡಿದುಕೊಳ್ಳುವ ಹೊತ್ತಿಗೆ ಕೈ ತಂತಾನೇ ಹೋಗತೊಡಗಿತು.

ಒಂದು ತೊಂದರೆ ಉಳಿದಿತ್ತು. ಲೈಟು ಹಚ್ಚಿದ ತಕ್ಷಣ ನೀರಿನ ಗುರುತು ಒಂದೇ ನಿಮಿಷದಲ್ಲಿ ಆರಿಹೋಗುತ್ತಿತ್ತು. ಆಗ ನಾನು ಮೆಡಿಕಲ್ ಸ್ಟೋರಿಗೆ ಓಡಿ ಗ್ಲಿಸರಿನ್ ತಂದೆ. ನೀರಿಗೆ ಬೆರೆಸಿ ಹಚ್ಚಿದರೆ ಗುರುತು ಗಂಟೆಗಟ್ಟಲೆ ಹಾಗೇ ಹೊಳೆಯುತ್ತಿತ್ತು. ಒಣಗುವ ನೀರಿನ ಲೆಕ್ಕ ಹೇಳಿದವಳೇ ಒಣಗದ ನೀರನ್ನೂ ಮಾಡಿಕೊಟ್ಟೆ ಎಂದು ಸಂಜೆ ನಮ್ಮವರು ಛೇಡಿಸಿದರು.

ಮಧ್ಯಾಹ್ನ ಎರಡು ಗಂಟೆಗೆ ಮೊದಲ ಟೇಕು. ನಾಯಕಿ ಬಾಗಿಲು ತೆಗೆದು ಬಂದಳು, ತರಕಾರಿ ಚೀಲ ಇಟ್ಟಳು, ಸೆರಗಿನಿಂದ ಗಾಳಿ ಹಾಕಿಕೊಂಡಳು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಹಿತ್ತಲಿಂದ ಅತ್ತೆ ಬಂದರು, ಚೊಂಬನ್ನು ಎತ್ತಿ ತಟ್ಟೆಯ ಮೇಲೆ ಬೋರಲು ಹಾಕಿದರು, ಸೆರಗಿನಿಂದ ನೆಲದ ಗುರುತನ್ನೂ ಒರೆಸಿ, ಅಡುಗೆಮನೆಗೆ ಹೋದರು.

"ಕಟ್!"

"ಅಯ್ಯೋ, ಶುರುವಾಗಿತ್ತಾ?" ಎಂದು ಅತ್ತೆ ನಾಲಿಗೆ ಕಚ್ಚಿಕೊಂಡರು.

ಎರಡನೇ ಟೇಕಿನಲ್ಲಿ ಅವರನ್ನು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿದ್ದೆವು. ನಾಯಕಿ ಇನ್ನೇನು ಕೈ ಚಾಚಬೇಕು, ಬಾಗಿಲ ಪಕ್ಕದಿಂದ ಬಳೆ ತೊಟ್ಟ ಕೈಯೊಂದು ಮೆಲ್ಲಗೆ ಬಂದು ಚೊಂಬನ್ನು ಎಳೆದುಕೊಂಡಿತು. ಕ್ಯಾಮೆರಾದ ಹಿಂದಿದ್ದವರೆಲ್ಲ ಒಂದು ಕ್ಷಣ ನಿಜವಾಗಿ ಬೆಚ್ಚಿದರು. ಡೈರೆಕ್ಟರಿಗೂ ನಗು ತಡೆಯಲಾಗಲಿಲ್ಲ. "ಇದನ್ನೇ ಇಟ್ಕೊಳ್ಳೋಣ್ವಾ ಮೇಷ್ಟ್ರೇ?" ಅಂದರು.

ಮೂರನೆಯದಕ್ಕೆ ಅತ್ತೆಗೆ ಕ್ಯಾಮೆರಾದ ಪಕ್ಕದಲ್ಲೇ ಕುರ್ಚಿ ಹಾಕಿ, ನಾನು ಅವರ ಎರಡೂ ಕೈ ಹಿಡಿದುಕೊಂಡು ಕೆಳಗೆ ಕೂತೆ.

ಆ ಟೇಕು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಮನೆ, ನಾನು ದಿನಾ ನೀರು ಕುಡಿಯುವ ಜಾಗ, ಮಟಮಟ ಮಧ್ಯಾಹ್ನ. ಅಟ್ಟದ ಮೇಲೆ ಯಾರೂ ಇಲ್ಲವೆಂದು ನನಗೆ ಗೊತ್ತು. ಕೊಲೆಗಾರನ ಪಾತ್ರದವರು ಜಗಲಿಯಲ್ಲಿ ಕೂತು ಪಕ್ಕದ ಮನೆಯವರ ಜೊತೆ ಎಲೆ ಅಡಿಕೆ ಹಾಕುತ್ತಿದ್ದರು. ಆದರೂ ಆ ಹುಡುಗಿ ಚೊಂಬಿನ ಪಕ್ಕದಲ್ಲಿ ಮೊದಲ ಸಲ ಹಾದುಹೋದಾಗ ನಾನು ಅತ್ತೆಯ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅವಳು ಅಡುಗೆಮನೆಗೆ ಹೋಗಿ ಸೌಟು ಸದ್ದು ಮಾಡಿದಳು, ವಾಪಸು ಬಂದಳು. ಎರಡನೇ ಸಲ ಹಾದಳು. ಆಮೇಲೆ ನಿಂತು, ಹಿತ್ತಲ ಕಡೆ ನೋಡುತ್ತಲೇ ಕೈ ಹಿಂದಕ್ಕೆ ಚಾಚಿದಳು. ಬೆರಳು ಖಾಲಿ ತಟ್ಟೆಯನ್ನು ಸವರಿತು. ಮತ್ತೊಮ್ಮೆ ಸವರಿತು. ಅವಳು ನಿಧಾನವಾಗಿ ತಲೆ ಬಗ್ಗಿಸಿದಳು.

ಅತ್ತೆಯ ಉಗುರು ನನ್ನ ಮಣಿಕಟ್ಟಿಗೆ ನಾಟಿತು. "ಒಳಗವ್ನೆ ಕಣೇ!" ಅಂದುಬಿಟ್ಟರು, ಗಟ್ಟಿಯಾಗಿ.

ನಾನು ಹೌಹಾರಿದೆ. ಡೈರೆಕ್ಟರು ಕಟ್ ಹೇಳಲಿಲ್ಲ. ಆಗೆಲ್ಲ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು, ಶೂಟಿಂಗಿನಲ್ಲಿ ಯಾರು ಕೂಗಿದರೂ ನಡೆಯುತ್ತಿತ್ತು. ನಾಯಕಿಯ ಕಣ್ಣು ನೆಲದ ಒದ್ದೆ ಗುರುತಿನಿಂದ ಮೇಲೆದ್ದು, ಒಣಹಾಕಿದ ಸೀರೆಯ ಕಡೆ, ಅದರ ಹಿಂದಿನ ಮೆಟ್ಟಿಲ ಕಡೆ ಹೋಯಿತು. ಅಷ್ಟೇ. ಡೈರೆಕ್ಟರು ಬಹಳ ಮೆಲ್ಲಗೆ ಕಟ್ ಎಂದರು. ಯಾರೂ ಅಲುಗಾಡಲಿಲ್ಲ. ಎಲ್ಲರಿಗಿಂತ ಮೊದಲು ಎದ್ದವರು ಅತ್ತೆ. ಹೋಗಿ ಚೊಂಬನ್ನು ಬೋರಲು ಹಾಕಿ, ನಿಟ್ಟುಸಿರು ಬಿಟ್ಟರು.

ಚಿತ್ರ ತುಮಕೂರಿಗೆ ಬರುವಷ್ಟರಲ್ಲಿ ಒಂದು ವರ್ಷ ಕಳೆಯಿತು. ನಮ್ಮ ಬೀದಿಗೆ ಬೀದಿಯೇ ರೈಲು ಹತ್ತಿ ಮ್ಯಾಟಿನಿಗೆ ಹೋಯಿತು. ಅತ್ತೆ ಹೊಸ ಸೀರೆ ಉಟ್ಟಿದ್ದರು, ಸ್ವಂತ ಮನೆಯ ಗೃಹಪ್ರವೇಶ ಎನ್ನುವಂತೆ. ನಿಜ ಹೇಳಬೇಕೆಂದರೆ ಚಿತ್ರ ಅಂಥದ್ದೇನೂ ಆಗಿರಲಿಲ್ಲ. ಮೊದಲರ್ಧದಲ್ಲಿ ಒಂದು ಗುಹೆ, ಅದರ ತುಂಬಾ ಕೆಂಪು ದೀಪ, ಕಾರಣವಿಲ್ಲದೆ ನಗುವ ಖಳನಾಯಕ. ಮುಂದಿನ ಸಾಲಿನವರು ಕಡಲೆಕಾಯಿ ಬಿಡಿಸುತ್ತಾ ಒಬ್ಬರನ್ನೊಬ್ಬರು ಕರೆದು ಮಾತಾಡುತ್ತಿದ್ದರು. ನಮ್ಮವರು ಒಂದು ನಿದ್ದೆ ಮುಗಿಸಿದರು.

ಇಂಟರ್ವಲ್ ಆದ ಮೇಲೆ ನಮ್ಮ ಪಡಸಾಲೆ ಬಂತು. ನಮ್ಮ ಬೀದಿಯವರೆಲ್ಲ "ಓ!" ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ಚಪ್ಪಾಳೆ ತಂತಾನೇ ನಿಂತಿತು. ಪರದೆಯ ಮೇಲೆ ಸಂಗೀತ ಇರಲಿಲ್ಲ. ಎಲ್ಲೋ ಒಂದು ಕಾಗೆ, ಎಲ್ಲೋ ಬಟ್ಟೆ ಒಗೆಯುವ ಸದ್ದು, ಅಷ್ಟೇ. ಕಡಲೆಕಾಯಿ ಬಿಡಿಸುವುದೂ ನಿಂತಿತು. ಒಂದು ಹೆಂಗಸಿನ ದನಿ ನಮ್ಮ ಹಿಂದೆ, "ನೋಡ್ರೀ, ಚೊಂಬು ಕೆಳಗಿದೆ," ಎಂದು ಪಿಸುಗುಟ್ಟಿತು. ನಾಯಕಿ ಎರಡನೇ ಸಲ ಹಾದುಹೋದಾಗ ಮುಂದಿನ ಸಾಲಿನಿಂದ ಒಬ್ಬ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಅಕ್ಕಾ, ಕೆಳಗೆ ನೋಡಕ್ಕಾ! ಒಳಗವ್ನೆ!"

ಥಿಯೇಟರಿನಲ್ಲಿ ಯಾರೂ ನಗಲಿಲ್ಲ. ಅತ್ತೆ ಮಾತ್ರ ನನ್ನ ಕಡೆ ಬಗ್ಗಿ, ಕಿವಿಯಲ್ಲಿ, "ನಾನೂ ಅದನ್ನೇ ಅಂದಿದ್ದೆ," ಅಂದರು. ಕತ್ತಲಲ್ಲೂ ಅವರ ಮುಖ ಅರಳಿದ್ದು ಕಾಣುತ್ತಿತ್ತು.

ಚಿತ್ರ ಎರಡು ವಾರ ಓಡಿ ಎತ್ತಂಗಡಿಯಾಯಿತು. ಆದರೆ ಗುಬ್ಬಿಯಲ್ಲಿ ಅದರ ಕಾಟ ಬಹಳ ತಿಂಗಳು ಇತ್ತು. ಯಾರ ಮನೆಗೆ ಹೋದರೂ ಹೆಂಗಸರು ಹೊರಡುವಾಗ, ಆ ಮನೆಯವರನ್ನು ಹೆದರಿಸಲೆಂದು, ಚೊಂಬನ್ನು ಮೆಲ್ಲಗೆ ನೆಲದ ಮೇಲಿಟ್ಟು ಬರುತ್ತಿದ್ದರು. ನನ್ನ ಕ್ಲಾಸಿನ ಹುಡುಗಿಯರಿಗೆ ಆವಿಯಾಗುವುದಕ್ಕೆ ಉದಾಹರಣೆ ಬರೆಯಿರಿ ಎಂದರೆ, ಪರೀಕ್ಷೆಯಲ್ಲಿ ಮೂರು ಜನ ಕೊಲೆಗಾರನ ಕಥೆ ಬರೆದಿದ್ದರು. ಪೂರ್ತಿ ಮಾರ್ಕ್ಸು ಕೊಟ್ಟೆ.

ಅದಾಗಿ ಎರಡು ವರ್ಷಕ್ಕೆ ಒಂದು ಭಾನುವಾರ ಬೆಳಿಗ್ಗೆ ಅದೇ ಡೈರೆಕ್ಟರು ಕಾರಿನಲ್ಲಿ ಬಂದರು, ಸೆಟ್ ಮೇಷ್ಟ್ರೂ ಇದ್ದರು. ಹೊಸ ಚಿತ್ರಕ್ಕೆ ಕುಣಿಗಲ್ಲಿನಲ್ಲಿ ಒಂದು ಮನೆ ನೋಡಿದ್ದೇವೆ, ಅಮ್ಮ ಒಂದು ಸಲ ಬಂದು ನೋಡಬೇಕು ಅಂದರು. ಅತ್ತೆ ಇದಕ್ಕೇ ಕಾದಿದ್ದವರಂತೆ ಹೊರಟರು, ನನ್ನನ್ನೂ ಕರೆದುಕೊಂಡು.

ಮನೆ ಕೆರೆಯ ಹತ್ತಿರದಲ್ಲಿತ್ತು. ಗೋಡೆ ಅರ್ಧ ಬಿದ್ದಿತ್ತು, ಕಿಟಕಿಗೆ ಬಾಗಿಲಿರಲಿಲ್ಲ, ಅಂಗಳದ ತುಂಬಾ ಮುಳ್ಳುಗಿಡ. ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. "ಇದನ್ನ ನೋಡಿದ್ರೆ ನಾಯೂ ಒಳಗೆ ಹೋಗಲ್ಲ. ನಿನ್ನ ಹೀರೋಯಿನ್ ಯಾಕೆ ಹೋಯ್ತಾಳೆ? ಅವಳಿಗೇನ್ ತಲೆ ಕೆಟ್ಟೈತಾ?" ಅಂದರು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಮುಸಿನಕ್ಕರು.

ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ ಅತ್ತೆ ಕಾರು ನಿಲ್ಲಿಸಿದರು. ಹೆಂಚಿನ ಮನೆ. ಮುಂದೆ ಚಾಪೆಯ ಮೇಲೆ ಸಂಡಿಗೆ ಒಣಹಾಕಿತ್ತು. ಬಾಗಿಲು ತೆರೆದಿತ್ತು, ಒಳಗೆ ರೇಡಿಯೋ ಹಾಡುತ್ತಿತ್ತು, ಆದರೆ ಕಣ್ಣಿಗೆ ಒಬ್ಬರೂ ಕಾಣುತ್ತಿರಲಿಲ್ಲ. "ಇಳೀರಿ," ಅಂದರು. ಡೈರೆಕ್ಟರು ಬಾಗಿಲಲ್ಲಿ ನಿಂತು ಒಂದು ನಿಮಿಷ ಆ ರೇಡಿಯೋ ಕೇಳಿಸಿಕೊಂಡರು. ನನ್ನ ತೋಳಿನ ರೋಮ ನಿಂತಿತು.

ಆ ಮನೆಯಾಕೆ ಹಿತ್ತಲಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಸಿನಿಮಾಕ್ಕೆ ಮನೆ ಬೇಕೆಂದಾಗ ಸುತರಾಂ ಒಪ್ಪಲಿಲ್ಲ. ಅತ್ತೆ ಅವರ ಪಕ್ಕದಲ್ಲಿ ಜಗಲಿಯ ಮೇಲೆ ಕೂತು, ಸಂಡಿಗೆಗೆ ಎಷ್ಟು ಖಾರ ಹಾಕಿದ್ದೀರಿ ಎಂದು ಕೇಳಿ, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿದರು. ಆಕೆ ಸ್ವಲ್ಪ ಮೆತ್ತಗಾದರು.

"ಆದ್ರೂ ಏನ್ ಮಾಡ್ತಾರಮ್ಮಾ ಅವ್ರು ಮನೆ ಒಳಗೆ?"

"ಒಂದು ಕೊಲೆ ಅಷ್ಟೇ ಕಣಮ್ಮಾ," ಅಂದರು ಅತ್ತೆ. "ಹತ್ತು ದಿನದಾಗೆ ಎಲ್ಲಾ ಒರೆಸಿ ಕೊಟ್ಟು ಹೋಯ್ತಾರೆ. ಒಳ್ಳೇ ಜನ."

ಆಕೆ ಅತ್ತೆಯನ್ನೇ ಒಂದು ಗಳಿಗೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು, ನಗುತ್ತಲೇ ಎದ್ದು, ಕಾಫಿಗೆ ನೀರಿಡಲು ಒಳಗೆ ಹೋದರು.